ಹೊಲಿಗೆಗೆ ಹೋದ ಬಟ್ಟೆ

ಹೇಗಿದ್ದೀರಿ ಎಂದು ಯಾರು ಕೇಳಿದರೂ ಸೀಟು ಮಾಸ್ತರು ಜೀವಮಾನವಿಡೀ ಕೊಟ್ಟದ್ದು ಒಂದೇ ಉತ್ತರ: "ಹೇಗೋ ಗಾಡಿ ಓಡ್ತಾ ಇದೆ." ನಾವೆಲ್ಲ ಹೇಳುವ ಮಾತೇ. ಹೇಳುವಾಗ ಯಾರ ಕಣ್ಣ ಮುಂದೂ ಗಾಡಿ ಇರುವುದಿಲ್ಲ, ಚಕ್ರ ಇರುವುದಿಲ್ಲ. ಹೊಟ್ಟೆಬಟ್ಟೆಗೆ ತತ್ವಾರವಿಲ್ಲ, ಹೆಚ್ಚಿಗೆ ಕೆದಕಬೇಡಿ ಎಂದಷ್ಟೇ ಅದರ ಅರ್ಥ. ಆ ಮಾತು ತಮ್ಮ ಪಾಲಿಗೆ ಅಕ್ಷರಶಃ ನಿಜವಾಗಿ, ಆಮೇಲೆ ಅಕ್ಷರಶಃ ಸುಳ್ಳೂ ಆಗುತ್ತದೆ ಎಂದು ಮಾಸ್ತರಿಗೆ ಯಾರೂ ಹೇಳಿರಲಿಲ್ಲ.

ಮಾಸ್ತರು ಅಂದ ಕೂಡಲೆ ಪಾಠ ಹೇಳುವವರು ಎಂದುಕೊಳ್ಳಬೇಡಿ. ಇವರು ಹೊಲಿಗೆ ಮಾಸ್ತರು, ಅದರಲ್ಲೂ ಬಸ್ಸಿನ ಸೀಟು ಹೊಲಿಯುವವರು. ಬಸ್ಸುಗಳಿಗೆ ಮೈ ಕಟ್ಟುವ ಕಾರ್ಖಾನೆಯೊಂದರ ಹಿಂಬದಿಯ ಶೆಡ್ಡಿನಲ್ಲಿ, ಒಂದು ಕಡೆ ಬೆಸುಗೆಯ ಹೊಗೆ, ಇನ್ನೊಂದು ಕಡೆ ಬಣ್ಣದ ನಾತ, ಈ ಎರಡರ ನಡುವೆ ದಪ್ಪ ಸೂಜಿಯ ಯಂತ್ರದ ಮುಂದೆ ತಲೆ ಬೆಳ್ಳಗಾಗುವವರೆಗೆ ಕೂತಿದ್ದರು. ಎಷ್ಟು ಊರಿನ ಜನ ಅವರ ಹೊಲಿಗೆಯ ಮೇಲೆ ಕೂತು ತೂಕಡಿಸಿದ್ದಾರೋ ಲೆಕ್ಕವಿಲ್ಲ. ಒಬ್ಬರೂ ಎದ್ದು ತಿರುಗಿ ನೋಡಿದವರಲ್ಲ. ಮಾಸ್ತರಿಗೆ ಅದರ ಬೇಜಾರೂ ಇರಲಿಲ್ಲ. ಸೀಟಿನ ಹೊಲಿಗೆ ಯಾರ ಕಣ್ಣಿಗಾದರೂ ಬಿತ್ತೆಂದರೆ ಅದು ಬಿಚ್ಚಿಕೊಂಡಿದೆ ಎಂದೇ ಲೆಕ್ಕ ಎನ್ನುತ್ತಿದ್ದರು.

ಕೆಲಸಕ್ಕೆ ಹೊಸದಾಗಿ ಸೇರಿದವರಿಗೆಲ್ಲ ಅವರು ಮೊದಲ ದಿನ ಹೇಳುತ್ತಿದ್ದದ್ದು 'ಹೊಲಿಗೆಯ ಪಾಲು' ಎಂಬ ಸಂಗತಿ. ಸೀಟಿನ ಅಳತೆ ಎಷ್ಟಿದೆಯೋ ಅಷ್ಟೇ ರೆಕ್ಸಿನ್ ಕತ್ತರಿಸಿದರೆ ಕೆಟ್ಟಿರಿ. ಸುತ್ತಲೂ ಒಂದೊಂದು ಬೆರಳು ಹೆಚ್ಚಿಗೆ ಬಿಡಬೇಕು, ಆ ಬೆರಳನ್ನು ಹೊಲಿಗೆ ತಿನ್ನುತ್ತದೆ. ಎರಡು ತುಂಡು ಸೇರಿಸಿದರೆ ಎರಡೂ ಕಡೆಯಿಂದ ತಿನ್ನುತ್ತದೆ. ಆದ್ದರಿಂದ ತುಂಡು ಹೆಚ್ಚಾದಷ್ಟೂ ಬಟ್ಟೆ ಸೀಟಿಗೆ ಹೋಗುವುದು ಕಡಿಮೆ, ಹೊಲಿಗೆಗೆ ಹೋಗುವುದು ಜಾಸ್ತಿ. "ಹೊಲಿಗೆಗೆ ಅದರ ಪಾಲು ಕೊಡ್ರಪ್ಪಾ, ಕೊಡದೆ ಇದ್ರೆ ಅದೇ ಕಿತ್ಕೊಳ್ಳುತ್ತೆ," ಎನ್ನುವುದು ಅವರ ಮಾಮೂಲಿ ಮಾತು. ಶೆಡ್ಡಿನವರು ಬೆನ್ನ ಹಿಂದೆ ಅದನ್ನು ಅವರ ದನಿಯಲ್ಲೇ ಅಣಕಿಸಿ ನಗುತ್ತಿದ್ದರು.

ಹೀಗಿರುವಾಗ ಸೀಟುಗಳು ಅಚ್ಚಿನಲ್ಲಿ ಎರಕ ಹೊಯ್ದು ಬರತೊಡಗಿದವು. ಹೊಲಿಗೆಯೇ ಇಲ್ಲ, ಬೋಲ್ಟು ಬಿಗಿದರೆ ಮುಗಿಯಿತು. ಮಾಸ್ತರ ಕೈಗೆ ಒಂದಿಷ್ಟು ಪರಿಹಾರದ ಹಣ ಇಟ್ಟು, ಸಣ್ಣದೊಂದು ಪಿಂಚಣಿ ಬರೆದು, ಕಾರ್ಖಾನೆಯವರು ಕೈ ತೊಳೆದುಕೊಂಡರು. ಅದೇ ಹೊತ್ತಿಗೆ ಬಾಡಿಗೆ ಮನೆಯ ಯಜಮಾನಿ ಬಾಗಿಲಲ್ಲೇ ನಿಂತು ಬಾಡಿಗೆ ಏರಿಸಿದಳು. "ಕೊಡೋಕಾದ್ರೆ ಇರಿ. ಆಗಲ್ಲ ಅಂದ್ರೂ ನಂಗೇನೂ ಬೇಜಾರಿಲ್ಲ," ಅಂದಳು. ಬೇಜಾರಿಲ್ಲ ಎನ್ನುವುದು ಅವಳ ಮುಖದಲ್ಲೇ ಬರೆದಿತ್ತು. ಮಾಸ್ತರ ಹೆಂಡತಿ ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿಯೊಂದರಲ್ಲಿ ನಿಂತೇ ಕೆಲಸ ಮಾಡಿ ಮಾಡಿ ಮಂಡಿ ಸವೆಸಿಕೊಂಡು ಆಗಲೇ ಮನೆಯಲ್ಲಿ ಕೂತಿದ್ದಳು. ಮಂಡಿಗೆ ದಿನವೂ ಮಾತ್ರೆ. ಪಿಂಚಣಿಯಿಂದ ಹೊಸ ಬಾಡಿಗೆ ಕಳೆದರೆ ಮಿಕ್ಕದ್ದು ಮಾತ್ರೆಗೂ ಸಾಲದು.

ಆಗ ಹತ್ತಿರದವರು ಕೂತು ಯೋಚಿಸಿದರು. ಮಗಳು ಹೇಳಿದಳು: "ಅಮ್ಮ ನಮ್ಮಲ್ಲಿಗೆ ಬರಲಿ. ಮಗೂನ ನೋಡ್ಕೊಂಡ ಹಾಗೂ ಆಗುತ್ತೆ. ಅಡುಗೆಮನೆ ಗೋಡೆಗೆ ಒಂದು ಮಡಚೋ ಮಂಚ ಹಿಡಿಸುತ್ತೆ. ಅಪ್ಪಂಗೆ ಮಾತ್ರ..." ಅಷ್ಟಕ್ಕೆ ನಿಲ್ಲಿಸಿ ನೆಲ ನೋಡಿದಳು. ಅವಳದ್ದೂ ಸುಳ್ಳಲ್ಲ. ಒಂದೇ ಕೋಣೆಯ ಮನೆ, ಅದರಲ್ಲಿ ಗಂಡ, ಕೈಗೂಸು, ತೊಟ್ಟಿಲು. ಮಂಚ ಬಿಚ್ಚಿದರೆ ಬಾಗಿಲು ತೆಗೆಯುವುದಕ್ಕಿಲ್ಲ. ಹಳೆಯ ವಾಹನ ಒಡೆದು ಮಾರುವ ಗುಜರಿ ಅಂಗಳ ಇಟ್ಟುಕೊಂಡಿದ್ದ ಭಾವಮೈದುನ ಗಂಟಲು ಸರಿಮಾಡಿಕೊಂಡ. "ನಂಗೂ ಗೇಟು ಕಾಯೋಕೆ ನಂಬಿಕಸ್ಥರು ಒಬ್ಬರು ಬೇಕು ಭಾವ. ಗೇಟಿನ ಪಕ್ಕ ಒಂದು ಗೂಡಿದೆ. ಒಬ್ಬರಿಗಾದ್ರೆ ಏನೂ ತೊಂದ್ರೆ ಇಲ್ಲ." ಮಗಳೂ ಒಳ್ಳೆಯವಳು, ಭಾವಮೈದುನನೂ ಒಳ್ಳೆಯವನು. ಒಳ್ಳೆಯವರೆಲ್ಲ ಸೇರಿಯೇ ಗಂಡಹೆಂಡಿರನ್ನು ಎರಡು ತುಂಡು ಮಾಡಿ ಹಂಚಿಕೊಂಡರು.

ಅವರು ಹೋದಮೇಲೆ ಮಾಸ್ತರು ಕೇಳಿದರು: "ಏ ಇವಳೇ, ನೀನೇನಂತೀಯಾ?"

"ನಾನೇನನ್ನಲಿ? ನಿಮ್ಮ ಗೊರಕೆ ಇಲ್ದೆ ನಂಗೆ ನಿದ್ದೆ ಬರುತ್ತಾ ಅಂತ ಯೋಚಿಸ್ತಿದ್ದೀನಿ."

ತಮಾಷೆಗೆ ಅಂದದ್ದೇ. ಆದರೆ ಮಾಸ್ತರು ನಗಲಿಲ್ಲ. ಮದುವೆಯಾದಾಗಿನಿಂದ ಅವರಿಬ್ಬರು ಬೇರೆ ಬೇರೆ ಸೂರಿನಡಿ ಮಲಗಿದ್ದೇ ಅಪರೂಪ. ಹೆಂಡತಿಯನ್ನು ಬಿಟ್ಟಿರಲು ಅವರಿಗೆ ಹೆದರಿಕೆಯಾಯಿತು, ಮರ್ಯಾದೆ ಬಿಟ್ಟು ಹೇಳುವುದಾದರೆ ಅಳುವೇ ಬಂತು. ಹಾಗೆಂದು ಬಾಯಿಬಿಟ್ಟು ಹೇಳುವ ಗಂಡಸಲ್ಲ. "ಅದೆಲ್ಲ ಆಗೋ ಮಾತಲ್ಲ," ಎಂದು ಎದ್ದು ಹೋದರು.

ಅವರ ತಲೆಗೆ ಹುಳ ಬಿಟ್ಟವನು ಒಬ್ಬ ಜುಟ್ಟಿನವನು. ಮಾಸ್ತರ ಕೆಲಸ ಹೋಗುವ ಸ್ವಲ್ಪ ಮುಂಚೆ ಆತ ತನ್ನ ವ್ಯಾನಿಗೆ ಹಾಸಿಗೆ ಹೊಲಿಸಿಕೊಳ್ಳಲು ಬಂದಿದ್ದ. ವ್ಯಾನೆಂದರೆ ಬರೀ ವ್ಯಾನಲ್ಲ, ಒಳಗೆ ಮಂಚ, ಒಲೆ, ಕೈತೊಳೆಯುವ ತೊಟ್ಟಿ, ಎಲ್ಲ. "ಮನೆ ಬಾಡಿಗೆ ಅನ್ನೋದೇ ಇಲ್ಲ ಮಾಸ್ತ್ರೇ! ತಿಂಗಳ ಖರ್ಚು ಅರ್ಧಕ್ಕರ್ಧ ಇಳೀತು. ಬೇಕಾದ ಕಡೆ ಮನೆ, ಬೇಡ ಅಂದ್ರೆ ಮುಂದಕ್ಕೆ!" ಎಂದು ಆತ ರೆಕ್ಸಿನ್ ಉರುಳೆಯ ಮೇಲೆ ಕೂತು ಉಪದೇಶ ಮಾಡಿದ್ದ. ಅದನ್ನೆಲ್ಲ ಚಿತ್ರ ತೆಗೆದು ಊರಿಗೆಲ್ಲ ತೋರಿಸುತ್ತಾನಂತೆ. ಇಂಥವರ ಮಾತು ಕೇಳಲು ಚೆಂದ. ಅದರಲ್ಲಿ ಹೇಳಿದ್ದಕ್ಕಿಂತ ಹೇಳದೆ ಬಿಟ್ಟದ್ದೇ ಹೆಚ್ಚಿರುತ್ತದೆ ಎನ್ನುವುದು ದುಡ್ಡು ಕಳೆದುಕೊಂಡಮೇಲೆ ತಿಳಿಯುವ ವಿದ್ಯೆ.

ಮಾಸ್ತರು ಪರಿಹಾರದ ಹಣ ಅಷ್ಟೂ ಸುರಿದು ಒಂದು ಹಳೆಯ ಬ್ರೆಡ್ಡಿನ ವ್ಯಾನು ತಂದರು. ಬೇಕರಿಯೊಂದು ಅಂಗಡಿ ಅಂಗಡಿಗೆ ಬ್ರೆಡ್ಡು ಹಾಕಲು ಇಟ್ಟುಕೊಂಡಿದ್ದ ಗಾಡಿ. ಟ್ರೇ ಜೋಡಿಸುವ ಕಬ್ಬಿಣದ ಕಪಾಟುಗಳನ್ನು ಕಿತ್ತು, ಹಲಗೆ ಹೊಡೆದು, ತಾವೇ ಹೊಲಿದ ಹಾಸಿಗೆ ಹಾಸಿದರು. ಮಂಚದ ಕೆಳಗೆ ಸಾಮಾನು, ಪಕ್ಕದ ಬಾಗಿಲ ಬಳಿ ಒಲೆ, ಡ್ರೈವರ್ ಸೀಟಿನ ಹಿಂದೆ ಕೈಯಲ್ಲಿ ತಿರುಗಿಸುವ ಹೊಲಿಗೆ ಯಂತ್ರ. ಹೊರಗಿನ ಬಣ್ಣದ ಅಕ್ಷರಗಳನ್ನು ಉಜ್ಜಿ ಉಜ್ಜಿ ಅಳಿಸಿದರೂ 'ತಾಜಾ' ಎನ್ನುವ ಒಂದು ಪದ ಮಾತ್ರ ಹಟ ಹಿಡಿದು ಉಳಿದುಕೊಂಡಿತು. ಅದರ ಕೆಳಗೆ ನಿಂತು ಹೆಂಡತಿ ಸೊಂಟದ ಮೇಲೆ ಕೈಯಿಟ್ಟುಕೊಂಡಳು. "ಸರಿಯಾಗೇ ಇದೆ ಬಿಡ್ರೀ. ಇಬ್ರೂ ಎಷ್ಟು ತಾಜಾ ಇದ್ದೀವಿ ಅಂತ ಊರಿಗೆ ಗೊತ್ತಾಗಲಿ."

ಮನೆ ಖಾಲಿ ಮಾಡಿದ ದಿನವೇ ಮಾಸ್ತರು ತಿಂಗಳ ಲೆಕ್ಕಕ್ಕೆ ಕೂತರು. ಕಾಗದದಲ್ಲಿ ಬರೆದ ಅಂಕಿ ಅವರ ತಲೆಗೆ ಹತ್ತುವುದಿಲ್ಲ, ಬಟ್ಟೆಯ ಅಳತೆಯಾದರೆ ಕಣ್ಣಿಗೆ ಕಟ್ಟುತ್ತದೆ. ಉಳಿದಿದ್ದ ಹಸಿರು ರೆಕ್ಸಿನ್‌ನಿಂದ ಉದ್ದನೆಯ ಪಟ್ಟಿಯೊಂದು ಕತ್ತರಿಸಿ ಹಿಂಬಾಗಿಲಿನಿಂದ ಒಲೆಯವರೆಗೆ ಗೋಡೆಗೆ ಕಟ್ಟಿದರು, ತುದಿ ಒಲೆಯ ಹತ್ತಿರ ಜೋತುಬಿತ್ತು. ಇಡೀ ಪಟ್ಟಿ ಒಂದು ತಿಂಗಳ ಪಿಂಚಣಿ. ಸೀಮೆಸುಣ್ಣ ಹಿಡಿದು ಗುರುತು ಹಾಕುತ್ತ ಬಂದರು. ಒಂದು ಮೊಳ ಊಟಕ್ಕೆ. ಒಂದು ಗೇಣು ಡೀಸೆಲಿಗೆ. ವಿಮೆ, ರಸ್ತೆ ತೆರಿಗೆಗಳು ವರ್ಷಕ್ಕೊಮ್ಮೆ ಬರುವಂಥವು, ಹಾಗಾಗಿ ಅವನ್ನು ತಿಂಗಳುತಿಂಗಳಿಗೆ ಹಂಚಿ ಮುಕ್ಕಾಲು ಗೇಣು. ರಾತ್ರಿ ಗಾಡಿ ನಿಲ್ಲಿಸುವ ಜಾಗಕ್ಕೆ, ಒಲೆಯ ಗ್ಯಾಸಿಗೆ, ನೀರಿಗೆ, ಫೋನಿಗೆ ನಾಲ್ಕು ನಾಲ್ಕು ಬೆರಳು. ಮಂಡಿಯ ಮಾತ್ರೆಗೆ ಅರ್ಧ ಗೇಣು. ಎಲ್ಲ ಮುಗಿದು ಒಲೆಯ ಹತ್ತಿರ ಬಂದಾಗ ಇನ್ನೂ ಗುರುತಿಲ್ಲದ ರೆಕ್ಸಿನ್ ಉಳಿದಿತ್ತು.

"ನೋಡೇ! ಒಂದು ಗೇಣು ಉಳೀತು!"

"ನಿಮ್ಮ ಗೇಣೋ ನನ್ನ ಗೇಣೋ?" ಎಂದಳು ಆಕೆ ತನ್ನ ಪುಟ್ಟ ಕೈ ಚಾಚಿ. ಇಬ್ಬರೂ ಬಿದ್ದು ಬಿದ್ದು ನಕ್ಕರು. ಗೋಡೆಗೆ ಜೋತುಬಿದ್ದ ಪಟ್ಟಿಗೆ ಅಂದೇ ಆಕೆ 'ಬಾಲ' ಎಂದು ಹೆಸರಿಟ್ಟಳು. "ಹುಷಾರು ರೀ, ತಿಂಗಳ ಕೊನೇಲಿ ನಿಮ್ಮ ಬಾಲ ಬಾಲ ಬಿಚ್ಚೀತು!"

ಮೊದಲ ತಿಂಗಳು ಚೆನ್ನಾಗಿಯೇ ಇತ್ತು, ಸುಳ್ಳೇಕೆ ಹೇಳಲಿ. ಕೆರೆಯ ದಂಡೆಯಲ್ಲಿ ಗಾಡಿ ನಿಲ್ಲಿಸಿ, ಹಿಂಬಾಗಿಲು ತೆರೆದಿಟ್ಟು, ಹಾಸಿಗೆಯಲ್ಲಿ ಕೂತೇ ಚಹಾ ಕುಡಿದರು. ಬೆಳಗ್ಗೆ ಯಾರಾದರೂ ಬಂದು ಗಾಡಿಯ ಪಕ್ಕೆ ತಟ್ಟಿ "ಬ್ರೆಡ್ ಇದೆಯಾ?" ಎಂದು ಕೇಳುತ್ತಿದ್ದರು. 'ತಾಜಾ'ದ ಮಹಿಮೆ. ಹೆಂಡತಿ ಒಳಗಿನಿಂದಲೇ "ಇವತ್ತಿಂದು ಖಾಲಿ, ನಾಳೆ ಬನ್ನಿ," ಎಂದು ಕೂಗಿ ಹೊದಿಕೆಯೊಳಗೆ ನಗುತ್ತಿದ್ದಳು. ಮಾಸ್ತರು ಪಿಂಚಣಿಯ ಜೊತೆಗೆ ಅಷ್ಟಿಷ್ಟು ತುಂಡು ಕೆಲಸವೂ ಹಿಡಿದರು, ಸ್ಕೂಟರಿನ ಸೀಟು, ಅಂಗಡಿಯ ಮೇಲುಹೊದಿಕೆ, ಹರಿದ ಚೀಲ. ಆ ದುಡ್ಡು ಆಪತ್ತಿಗಿರಲಿ ಎಂದು ಬೇರೆ ಎತ್ತಿಟ್ಟರು. ಹಳೆಯ ಶೆಡ್ಡಿನವನೊಬ್ಬ ದಾರಿಯಲ್ಲಿ ಸಿಕ್ಕಿ ಹೇಗಿದ್ದೀರಿ ಅಂದಾಗ "ಗಾಡಿ ಓಡ್ತಾ ಇದೆ!" ಎಂದು ಎದೆಯುಬ್ಬಿಸಿ ಸ್ಟೀರಿಂಗ್ ತಟ್ಟಿದರು.

ಎರಡನೆಯ ತಿಂಗಳು ಆಪತ್ತಿನ ದುಡ್ಡು ಮುಗಿಯಿತು. ಆಪತ್ತೇನೂ ಬಂದಿರಲಿಲ್ಲ. ಮೂರನೆಯ ತಿಂಗಳು ಪಟ್ಟಿ ಮುಗಿದಮೇಲೂ ತಿಂಗಳು ಮುಗಿಯಲಿಲ್ಲ. ಮಾಸ್ತರಿಗೆ ಮಂಕು ಬಡಿದಂತಾಯಿತು. ಒಂದೊಂದೇ ಗುರುತನ್ನು ಮತ್ತೆ ಅಳೆದರು. ಊಟದ ಮೊಳ ಊಟದ ಮೊಳವೇ, ಗ್ಯಾಸಿನ ಬೆರಳು ಗ್ಯಾಸಿನ ಬೆರಳೇ. ಯಾವ ತುಂಡಿನಲ್ಲೂ ತಪ್ಪಿಲ್ಲ. ಎಲ್ಲ ಸರಿಯಿದ್ದೂ ಸಾಲುತ್ತಿಲ್ಲ.

ತಪ್ಪು ಹೊಳೆದದ್ದು ಬಟ್ಟೆ ಒಗೆಯುವ ಯಂತ್ರಗಳ ಅಂಗಡಿಯಲ್ಲಿ. ನಾಣ್ಯ ಹಾಕಿದರೆ ತಿರುಗುವ ಯಂತ್ರದ ಮುಂದಿನ ಬೆಂಚಿನಲ್ಲಿ ಇಬ್ಬರೂ ಕೂತಿದ್ದರು. ಊರಿನವರ ಬಟ್ಟೆ ಒಗೆದೇ ಮಂಡಿ ಕಳೆದುಕೊಂಡ ಹೆಂಗಸು ತನ್ನ ಬಟ್ಟೆ ಒಗೆಯಲು ದುಡ್ಡು ತೆತ್ತು ಕಾಯುತ್ತಿದ್ದಳು. ಅವಳು ಸುಮ್ಮನೆ ಹೊತ್ತು ಕಳೆಯಲು ಆಡಿದಳು: "ಮನೇಲಿದ್ದಾಗ ಒಂದು ಬಾಡಿಗೆ ಕೊಟ್ರೆ ಮುಗೀತಿತ್ತು. ನಲ್ಲಿ, ಬಚ್ಚಲು, ಒಗೆಯೋ ಕಲ್ಲು, ಎಲ್ಲಾ ಅದ್ರಲ್ಲೇ ಬರ್ತಿತ್ತು. ಈಗ ನೋಡಿ, ಕೈ ತೊಳೆದ್ರೂ ಕಾಸು."

ಮಾಸ್ತರು ಬೆರಳು ಮಡಚಿ ಎಣಿಸತೊಡಗಿದರು. ಮನೆಯೆಂದರೆ ಒಂದೇ ದೊಡ್ಡ ತುಂಡು. ಈ ಗಾಡಿ ನೂರು ತುಂಡು. ಅಕ್ಕಿಬೇಳೆ ತಿಂಗಳಿಗಾಗುವಷ್ಟು ತಂದಿಡಲು ಜಾಗವಿಲ್ಲ, ಹಾಗಾಗಿ ಸಣ್ಣ ಪೊಟ್ಟಣ, ಸಣ್ಣದಕ್ಕೆ ದೊಡ್ಡ ಬೆಲೆ. ದೊಡ್ಡ ಸಿಲಿಂಡರ್ ಇಡುವಂತಿಲ್ಲ, ಸಣ್ಣದು ವಾರಕ್ಕೇ ಖಾಲಿ. ನೀರು ಕ್ಯಾನಿನಲ್ಲಿ. ಸ್ನಾನ ಲಾರಿಯವರ ತಂಗುದಾಣದಲ್ಲಿ, ತಲೆಗಿಷ್ಟು ಎಂದು ಕೊಟ್ಟು. ಹೊಲಿಗೆಗೆ ಬೆಳಕಿಲ್ಲದ ದಿನ, ಫೋನಿಗೆ ಚಾರ್ಜಿಲ್ಲದ ದಿನ, ಹೋಟೆಲಿನ ಮೂಲೆಯ ಮೇಜು ಹಿಡಿದು ಕೂರಬೇಕು, ಕೂತಮೇಲೆ ಚಹಾ ಹೇಳಬೇಕು, ಒಂದೇ ಚಹಾ ಹೇಳಿ ಇಬ್ಬರು ಕೂತರೆ ಮಾಣಿ ಮೂಗು ಮುರಿಯುತ್ತಾನೆ. ಶೌಚಕ್ಕೂ ಚಿಲ್ಲರೆ ಹಿಡಿದೇ ಹೋಗಬೇಕು. ಪ್ರತಿ ತುಂಡಿನ ಅಳತೆಯೂ ಸರಿಯಾಗಿತ್ತು. ಆದರೆ ಒಂದರಿಂದ ಇನ್ನೊಂದಕ್ಕೆ ಹೋಗುವ ಜೋಡಣೆಯಲ್ಲಿ ಬೆರಳು ಬೆರಳಾಗಿ ಬದುಕು ಸೋರಿಹೋಗುತ್ತಿತ್ತು.

"ಹೊಲಿಗೆಯ ಪಾಲು ಬಿಟ್ಟಿಲ್ಲ ಕಣೇ," ಎಂದರು ಮಾಸ್ತರು. "ಊರಿಗೆಲ್ಲ ಹೇಳ್ಕೊಟ್ಟೆ. ನಂದು ಕತ್ತರಿಸುವಾಗ ಬಿಡಲಿಲ್ಲ."

ಹೆಂಡತಿಗೆ ಆ ಹೊಲಿಗೆಯ ಮಾತು ಊಟ ಮಾಡಿದ್ದಕ್ಕಿಂತ ಹೆಚ್ಚು ಸಲ ಕೇಳಿ ಗೊತ್ತಿತ್ತು. ಈಗ ತಮಾಷೆ ಮಾಡಲಿಲ್ಲ. "ಹೋಗ್ಲಿ ಬಿಡಿ," ಎಂದು ಅವರ ಮಂಡಿಯ ಮೇಲೆ ಕೈಯಿಟ್ಟಳು.

ಬಟ್ಟೆ ಕಡಿಮೆಯಾದರೆ ದರ್ಜಿ ಏನು ಮಾಡುತ್ತಾನೆ? ತೋಳು ಗಿಡ್ಡ ಮಾಡುತ್ತಾನೆ. ಮಾಸ್ತರು ಮೊದಲು ಡೀಸೆಲಿಗೆ ಕತ್ತರಿ ಹಾಕಿದರು. ಓಡಾಟ ನಿಂತಿತು. ಕೆರೆಯ ದಂಡೆ ಹೋಯಿತು. ಊರ ಹೊರಗಿನ ಗೋದಾಮುಗಳ ಹಿಂದೆ, ರಾತ್ರಿಗಿಷ್ಟೆಂದು ದುಡ್ಡು ಕೊಟ್ಟು ಲಾರಿಗಳು ನಿಲ್ಲುವ ಬಯಲಿನಲ್ಲಿ ಗಾಡಿ ಬೇರುಬಿಟ್ಟಿತು. ಬೇಕಾದ ಕಡೆ ಮನೆಯಂತೆ! ಎದುರಿಗೆ ಗೋದಾಮಿನ ತಗಡಿನ ಗೋಡೆ, ಹಿಂದೆ ಟೈರುಗಳ ರಾಶಿ. ಹಿಂಬಾಗಿಲು ತೆರೆದರೆ ಲಾರಿಯ ಹೊಗೆ ನೇರವಾಗಿ ಹಾಸಿಗೆಗೆ ಬರುತ್ತಿತ್ತು. ಮುಚ್ಚಿದರೆ ಉಸಿರು ಕಟ್ಟುತ್ತಿತ್ತು. ಅಡುಗೆ ಮಾಡಿದರೆ ಆವಿ ತಗಡಿಗೆ ತಾಗಿ ನೀರಾಗಿ ಮಲಗಿದವರ ಮುಖದ ಮೇಲೆ ತೊಟ್ಟಿಕ್ಕುತ್ತಿತ್ತು. 

ಡೀಸೆಲ್ ಆದಮೇಲೆ ಫೋನು ಒಂದೇ ಸಾಕೆಂದಾಯಿತು. ಆಮೇಲೆ ಚಹಾ ಒಂದೇ ಹೊತ್ತು. ಆಮೇಲೂ ಪಟ್ಟಿ ಸಾಲದೆ ಮಾಸ್ತರು ಸೀಮೆಸುಣ್ಣ ಹಿಡಿದು ತಲೆ ತಗ್ಗಿಸಿ ಕೂತಿದ್ದಾಗ ಹೆಂಡತಿ ಸಲೀಸಾಗಿ ಅಂದಳು: "ನನ್ನ ಮಾತ್ರೆ ಬಿಡ್ರೀ. ಈಗ ನೋವು ಅಷ್ಟೇನಿಲ್ಲ."

"ಬೇಡ ಬೇಡ, ಅದೊಂದು ಬೇಡ," ಎಂದರು ಮಾಸ್ತರು.

"ದಿನಾ ಬೇಡ. ತುಂಬಾ ನೋವಾದಾಗ ಒಂದು ತಗೊಂಡ್ರಾಯ್ತು."

ಮಾಸ್ತರು ಒಂದು ಸಲ ಬೇಡ ಎಂದರು. ಎರಡನೆಯ ಸಲ ಅನ್ನಲಿಲ್ಲ. ಆಕೆಯ ನೋವು ಕಡಿಮೆಯಾಗಿಲ್ಲ ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಅಂಗಿಯ ತೋಳಿನಿಂದ ಮಾತ್ರೆಯ ಅರ್ಧ ಗೇಣಿನ ಗುರುತು ಒರೆಸಿದರು. ಆಕೆಯನ್ನು ಜೊತೆಗಿಟ್ಟುಕೊಳ್ಳುವ ಆಸೆಗೆ ಆಕೆಯ ಮಂಡಿಯನ್ನೇ ಕತ್ತರಿಸಿಕೊಟ್ಟಂತಾಯಿತು. ಆ ದಿನ ಅವರು ಹೆಂಡತಿಯ ಮುಖ ನೋಡಲಿಲ್ಲ.

ಆ ವಾರವೇ ಬಯಲಿಗೆ ಒಂದು ಹೊಳೆಯುವ ವ್ಯಾನು ಬಂದು ನಿಂತಿತು. ಇಳಿದವನು ಜುಟ್ಟಿನವನು! ಮಾಸ್ತರನ್ನು ನೋಡಿದ್ದೇ ಅಪ್ಪಿಕೊಂಡುಬಿಟ್ಟ. "ಅರೆ ಮಾಸ್ತ್ರೇ, ನೀವೂ ಹಕ್ಕಿ ಆದ್ರಾ!" ಆತನಿಗೆ ಚಕ್ರವೊಂದು ಪಂಕ್ಚರ್ ಆಗಿತ್ತು, ಇಲ್ಲವಾದರೆ ಇಂಥ ಜಾಗದಲ್ಲಿ ಅವನೇಕೆ ನಿಲ್ಲುತ್ತಾನೆ? ಚಕ್ರ ಬದಲಾಯಿಸುವವರೆಗೆ ಮಾತಿಗೆ ಸಿಕ್ಕಿದ. ಮಾಸ್ತರು ಎಲ್ಲ ಮಾನ ಬಿಟ್ಟು ಕೇಳಿದರು: "ಸ್ವಾಮಿ, ನಿಮಗೆ ತಿಂಗಳಿಗೆ ಹೇಗೆ ಸಾಲುತ್ತೆ? ನಂಗೆ ಎಷ್ಟು ಅಳೆದ್ರೂ ಸಾಲ್ತಿಲ್ಲ. ಎಲ್ಲಿ ತಪ್ಪಿದೆ ಹೇಳಿ."

"ತುಂಬಾ ಸುಲಭ ಮಾಸ್ತ್ರೇ. ಮೊದಲು ಬಾಡಿಗೆ ಬರುತ್ತಲ್ಲ, ಅದನ್ನ ಎತ್ತಿಟ್ಟು..."

"ಬಾಡಿಗೆ ಬರುತ್ತಾ? ಎಲ್ಲಿಂದ?"

"ಮನೇದು. ನಮ್ಮ ಮನೇನ ಬಾಡಿಗೆಗೆ ಕೊಟ್ಟಿದ್ದೀನಲ್ಲ. ಅದ್ರಲ್ಲೇ ಇದೆಲ್ಲಾ ನಡೆಯುತ್ತೆ," ಎಂದ ಆತ, ಇದನ್ನೂ ಕೇಳಬೇಕೇ ಎಂಬಂತೆ. ಮಾಸ್ತರು ಹೂಂ ಎಂದರು. ಅವನ ಮೇಲೆ ಸಿಟ್ಟೂ ಬರಲಿಲ್ಲ. ಬರಬೇಕಿತ್ತು, ನನ್ನನ್ನು ಕೇಳಿದರೆ. ಬಾಡಿಗೆ ಕೊಡಲಾಗದೆ ಬೀದಿಗೆ ಬಿದ್ದವರು ಬಾಡಿಗೆ ಎಣಿಸುತ್ತ ಬೀದಿ ಸುತ್ತುವವನ ಮಾತು ನಂಬಿ ಗಾಡಿ ಕೊಂಡಿದ್ದರು. ಒಳಗೆ ಹೆಂಡತಿ ಎಲ್ಲ ಕೇಳಿಸಿಕೊಂಡಿದ್ದಳು. ಮಾಸ್ತರು ಒಳಬಂದಾಗ ಅವಳು ಆ ವಿಷಯ ಎತ್ತದೆ ಈರುಳ್ಳಿ ಹೆಚ್ಚುತ್ತ ಕೂತಿದ್ದಳು.

ಆಮೇಲೆ ಗಾಡಿಯ ವರ್ಷದ ತಪಾಸಣೆ ಬಂತು. ಓಡಿದರೂ ಓಡದಿದ್ದರೂ ಆಗಲೇಬೇಕಾದದ್ದು. ತಪಾಸಣೆಯವನು ಗಾಡಿಯ ಕೆಳಗೆ ತೂರಿ, ಸುತ್ತಿಗೆಯಿಂದ ಅಲ್ಲಲ್ಲಿ ಕುಟ್ಟಿ, ಕೈಯಲ್ಲಿ ತುಕ್ಕಿನ ಪುಡಿ ಹಿಡಿದು ಹೊರಬಂದ. ತಳದ ತಗಡು ತೂತು, ಬ್ರೇಕು ಸವೆದಿದೆ, ಎರಡು ತಿಂಗಳೊಳಗೆ ಎಲ್ಲ ಸರಿ ಮಾಡಿಸಿ ತನ್ನಿ, ಇಲ್ಲವಾದರೆ ರಸ್ತೆಗಿಳಿಸುವಂತಿಲ್ಲ. ರಿಪೇರಿಗೆ ಎಷ್ಟಾಗಬಹುದು ಎಂದು ಮಾಸ್ತರು ಮನಸ್ಸಿನಲ್ಲೇ ಅಳೆದರು. ಹಿಂಬಾಗಿಲಿನಿಂದ ಹೊರಟ ಪಟ್ಟಿ ಒಲೆ ದಾಟಿ, ಗಾಡಿ ದಾಟಿ, ಬಯಲಿನ ಗೇಟಿನ ತನಕ ಹೋಯಿತು.

ಹೆಂಡತಿಗೆ ಹೇಗೆ ಹೇಳುವುದು ಎಂದುಕೊಂಡೇ ಬಯಲಿಗೆ ವಾಪಸು ಬಂದು ಗಾಡಿ ನಿಲ್ಲಿಸಿದರು. ಹೇಳುವ ಅಗತ್ಯ ಬೀಳಲಿಲ್ಲ. ಇಳಿಯಲು ಕಾಲು ಚಾಚಿದ ಆಕೆಯ ಮಂಡಿ ಅರ್ಧಕ್ಕೇ ಹಿಡಿದುಕೊಂಡಿತು. ಮೇಲಕ್ಕೂ ಇಲ್ಲ, ಕೆಳಕ್ಕೂ ಇಲ್ಲ. ಬಾಗಿಲ ಹಿಡಿ ಹಿಡಿದು ಮೆಟ್ಟಿಲ ಮೇಲೆ ತೂಗಾಡುತ್ತ ಆಕೆ ಕೂಗಲಿಲ್ಲ, ತುಟಿ ಕಚ್ಚಿಕೊಂಡಳು. ಮಾಸ್ತರು ಓಡಿಬಂದು ಎರಡೂ ಕೈಯಲ್ಲಿ ಎತ್ತಿ ಇಳಿಸಿ ಅಲ್ಲೇ ಟೈರಿನ ಮೇಲೆ ಕೂರಿಸಿದರು. ಆಕೆ ಎಷ್ಟು ಹಗುರವಾಗಿದ್ದಾಳೆ ಎನ್ನುವುದು ಆಗ ಅವರ ಕೈಗೆ ಗೊತ್ತಾಯಿತು.

ಬೆವರು ಒರೆಸಿಕೊಂಡು ಆಕೆಯೇ ಮಾತು ತೆಗೆದಳು. "ರೀ, ನಾನು ಮಗಳ ಮನೆಗೆ ಹೋಗ್ತೀನಿ."

"ನಾಲ್ಕು ದಿನ ಇದ್ದು ಬಾ. ಅಷ್ಟರಲ್ಲಿ ನಾನು..."

"ನಾಲ್ಕು ದಿನಕ್ಕಲ್ಲ. ಹೋಗೇ ಹೋಗ್ತೀನಿ." ಮಂಡಿ ನೀವಿಕೊಂಡಳು. "ನೀವೇ ಹೇಳ್ತಿದ್ರಲ್ಲ, ತುಂಡು ಜಾಸ್ತಿ ಆದ್ರೆ ಹೊಲಿಗೆ ತಿಂದ್ಹಾಕುತ್ತೆ ಅಂತ. ನಾನೊಂದು ತುಂಡು ಕಡಿಮೆ ಆದ್ರೆ ನಿಮಗಾದ್ರೂ ಸಾಲುತ್ತೆ."

ಮಾಸ್ತರು ಏನೇನೋ ಹೇಳಬೇಕೆಂದುಕೊಂಡರು. ಇನ್ನಷ್ಟು ತುಂಡು ಕೆಲಸ ಹಿಡಿಯುತ್ತೇನೆ, ಚಹಾ ಬಿಡುತ್ತೇನೆ, ಗಾಡಿ ಮಾರಿ ಎಲ್ಲಾದರೂ ಸಣ್ಣ ಕೋಣೆ ನೋಡುತ್ತೇನೆ. ಪ್ರತಿಯೊಂದನ್ನೂ ಆಗಲೇ ಅಳೆದು ನೋಡಿಯಾಗಿತ್ತು. ಕೊನೆಗೆ ಬಾಯಿಗೆ ಬಂದದ್ದು ಇಷ್ಟೇ: "ನನ್ನ ಗೊರಕೆ ಇಲ್ದೆ ನಿದ್ದೆ ಬರುತ್ತೇನೇ?"

"ಬರಲ್ಲ," ಎಂದಳು ಆಕೆ. ಈ ಸಲ ತಮಾಷೆಯಿರಲಿಲ್ಲ.

ಮಗಳ ಮನೆ ಮೇಲಿನ ಮಹಡಿಯಲ್ಲಿತ್ತು. ಆ ಬೀದಿಯಲ್ಲಿ ಗಾಡಿ ನಿಲ್ಲಿಸಲು ಗಂಟೆಗಿಷ್ಟು ಎಂದು ದುಡ್ಡು. ಅಳಿಯ ಅತ್ತೆಯ ತೋಳು ಹಿಡಿದು ಮೆಲ್ಲಗೆ ಹತ್ತಿಸಿದ. ಮಾಸ್ತರು ಬಟ್ಟೆಯ ಗಂಟು, ದಿಂಬು ಹೊತ್ತು ಹಿಂದೆ ಬಂದರು. ಅಡುಗೆಮನೆಯ ಗೋಡೆಗೆ ಒರಗಿಸಿದ್ದ ಮಂಚವನ್ನು ಮಗಳು ಬಿಚ್ಚಿ ತೋರಿಸಿದಳು. ಮಾಸ್ತರು ಅಭ್ಯಾಸಬಲದಿಂದ ಅದರ ಹಾಸಿಗೆಯ ಅಂಚು ಮುಟ್ಟಿ ನೋಡಿ, "ಹೊಲಿಗೆ ಪರವಾಗಿಲ್ಲ," ಎಂದರು. ಮಗಳು ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು. "ಊಟ ಮಾಡ್ಕೊಂಡು ಹೋಗಿ ಅಪ್ಪಾ."

"ಇಲ್ಲಮ್ಮ. ಕೆಳಗೆ ಗಂಟೆ ಲೆಕ್ಕ ಓಡ್ತಿದೆ."

ಹೊರಡುವಾಗ ಹೆಂಡತಿ ಮಂಚದ ಮೇಲೆ ಮಗುವನ್ನು ತೊಡೆಯಲ್ಲಿ ಮಲಗಿಸಿಕೊಂಡು ಕೂತಿದ್ದಳು. ಮಗು ಎದ್ದೀತೆಂದು ಕೈ ಮಾತ್ರ ಸ್ವಲ್ಪ ಎತ್ತಿದಳು. ಮಂಚ ಬಿಚ್ಚಿದ್ದರಿಂದ ಬಾಗಿಲು ಪೂರ್ತಿ ತೆರೆಯಲಿಲ್ಲ. ಮಾಸ್ತರು ಅಡ್ಡಡ್ಡವಾಗಿ ತೂರಿಕೊಂಡು ಹೊರಬಿದ್ದರು.

ಅಲ್ಲಿಂದ ಗಾಡಿ ನೇರ ಹೋದದ್ದು ಭಾವಮೈದುನನ ಗುಜರಿ ಅಂಗಳಕ್ಕೆ. ಅದೇ ಅದರ ಕೊನೆಯ ಓಟ. ಗೇಟು ಕಾಯುವ ಕೆಲಸಕ್ಕೆ ಮಾಸ್ತರು ಒಪ್ಪಿಕೊಂಡರು. ಗೂಡು ಬೇಡ, ಗಾಡಿಯಲ್ಲೇ ಇರುತ್ತೇನೆ ಎಂದರು. ಭಾವಮೈದುನ ಗಾಡಿಯ ಸುತ್ತ ಒಂದು ಸುತ್ತು ಬಂದು, ಹಿಂಜರಿಯುತ್ತಲೇ ಹೇಳಿದ: "ಭಾವ, ಇನ್ನು ಇದು ರಸ್ತೆಗಿಳಿಯಲ್ಲ. ಎಂಜಿನ್ ಚೆನ್ನಾಗಿದೆ, ಕೇಳೋರಿದ್ದಾರೆ. ತೆಗೆದುಬಿಡ್ಲಾ? ಅಕ್ಕನ ಮಂಡಿ ತೋರಿಸೋಕಾಗುತ್ತೆ."

ಮಾಸ್ತರು ತೆಗೆ ಎಂದರು. ಎಂಜಿನ್ನು ಹೋಯಿತು, ಅದರ ಹಿಂದೆಯೇ ಚಕ್ರಗಳೂ ಹೋದವು. ಬಂದ ಹಣವನ್ನು ಹಾಗೆಯೇ ಅಳಿಯನ ಕೈಗೆ ಕಳಿಸಿದರು. ಗಾಡಿಯ ಉಳಿದ ಮೈಯನ್ನು ನಾಲ್ಕು ಮೂಲೆಗೆ ಇಟ್ಟಿಗೆ ಕೊಟ್ಟು ನಿಲ್ಲಿಸಿದರು. ಸುತ್ತ ಬಾಗಿಲಿಲ್ಲದ ಕಾರುಗಳು, ಗಾಜಿಲ್ಲದ ಬಸ್ಸುಗಳು. ಒಂದು ಬಸ್ಸಿನೊಳಗೆ ಮಾಸ್ತರು ತಮ್ಮದೇ ಹೊಲಿಗೆಯ ಸೀಟುಗಳನ್ನು ಗುರುತು ಹಿಡಿದರು. ಸ್ಪಂಜು ಇಲಿ ತಿಂದಿತ್ತು, ಹೊಲಿಗೆ ಗಟ್ಟಿಯಾಗಿಯೇ ಇತ್ತು.

ತಿಂಗಳು ಮುಗಿದಾಗ ಮಾಸ್ತರು ಅಭ್ಯಾಸದಂತೆ ಬಾಲದ ಮುಂದೆ ಸೀಮೆಸುಣ್ಣ ಹಿಡಿದು ನಿಂತರು. ಡೀಸೆಲ್ ಇಲ್ಲ. ವಿಮೆ, ತೆರಿಗೆ, ತಪಾಸಣೆ ಇಲ್ಲ. ನಿಲ್ಲುವ ಜಾಗಕ್ಕೆ ದುಡ್ಡಿಲ್ಲ, ಅಂಗಳದ ನಲ್ಲಿಗೆ ಕಾಸಿಲ್ಲ. ಊಟ ಒಬ್ಬರದು, ಅದೂ ಸರಿಯಾಗಿ ಸೇರುತ್ತಿರಲಿಲ್ಲ. ಮಾತ್ರೆಗೆಂದು ಮೊದಲಿನ ಅರ್ಧ ಗೇಣನ್ನು ಒಂದು ಗೇಣು ಮಾಡಿ, ಅದನ್ನು ಮಗಳಿಗೆ ಕಳಿಸಿಯೂ ಆಗಿತ್ತು. ಆದರೂ ಪಟ್ಟಿ ಉಳಿಯಿತು. ಒಂದು ಗೇಣಲ್ಲ, ಒಂದು ಮೊಳಕ್ಕೂ ಮಿಕ್ಕಿ, ಹಸಿರಾಗಿ, ಗುರುತಿಲ್ಲದೆ ನೇತಾಡಿತು. ಕೊನೆಗೂ ಲೆಕ್ಕ ಸರಿಹೋಗಿತ್ತು. ಯಾರ ಗೇಣು ಎಂದು ಕೇಳುವವಳು ಇರಲಿಲ್ಲ. ಮಾಸ್ತರು ಆ ಉಳಿದ ರೆಕ್ಸಿನ್ನನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹಾಸಿಗೆಯ ಮೇಲೆ ಕೂತುಬಿಟ್ಟರು.

ಮಧ್ಯಾಹ್ನ ಮಗು ಮಲಗಿದ ಹೊತ್ತಿಗೆ ಫೋನು ಬರುತ್ತಿತ್ತು. ಅಂದೂ ಬಂತು.

"ಊಟ ಆಯ್ತಾ?"

"ಆಯ್ತು. ನಿನ್ನ ಮಂಡಿ?"

"ಪರವಾಗಿಲ್ಲ. ಮೆಟ್ಟಿಲು ಇಳಿಯೋಕಾಗಲ್ಲ, ಇಳಿದು ಹೋಗೋದಾದ್ರೂ ಎಲ್ಲಿಗೆ. ನೀವು ಹೇಗಿದ್ದೀರಿ?"

ಎಂಜಿನ್ ತೆಗೆದ ವಿಷಯ ಹೆಂಡತಿಗೆ ಹೇಳಬೇಡ ಎಂದು ಮಾಸ್ತರು ಭಾವಮೈದುನನ ಕೈಹಿಡಿದು ಕೇಳಿಕೊಂಡಿದ್ದರು, ಅಳಿಯನಿಗೂ ಹೇಳಿದ್ದರು. ಮಂಡಿಗೆಂದು ಕಳಿಸಿದ ಹಣ ತುಂಡು ಕೆಲಸದ್ದು ಎಂದು ಹೇಳಿಸಿದ್ದರು. ಇಟ್ಟಿಗೆಯ ಮೇಲೆ ನಿಂತ ಗಾಡಿಯೊಳಗೆ ಕೂತು, ತೆರೆದ ಹಿಂಬಾಗಿಲಿನಿಂದ ಗುಜರಿಯ ರಾಶಿ ನೋಡುತ್ತ, ಅವರು ಎಂದಿನ ಮಾತನ್ನು ಎಂದಿನ ದನಿಯಲ್ಲಿ ಹೇಳಲು ನೋಡಿದರು.

"ಏನೋ, ಹೇಗೋ ಗಾಡಿ ಓಡ್ತಾ ಇದೆ."

ತಮ್ಮ ಎಂದಾದರೂ ಅಕ್ಕನಿಂದ ಏನನ್ನಾದರೂ ಮುಚ್ಚಿಟ್ಟದ್ದುಂಟೇ? ಅವನು ಮಾತು ಕೊಟ್ಟ ಸಂಜೆಯೇ ಅವಳಿಗೆ ಎಲ್ಲ ಹೇಳಿಬಿಟ್ಟಿದ್ದ, ಎಂಜಿನ್ನು, ಚಕ್ರ, ಇಟ್ಟಿಗೆ, ಎಲ್ಲ.

"ನಿಧಾನಕ್ಕೆ ಓಡಿಸ್ರೀ," ಎಂದಳು ಆಕೆ.

ಮಾಸ್ತರು ಹೂಂ ಎಂದರು. ಅಷ್ಟರಲ್ಲಿ ಆ ಕಡೆ ಮಗು ಎದ್ದು ಅಳತೊಡಗಿತು, ಆಕೆ ಫೋನು ಇಟ್ಟಳು.